ತುಳಿಯೋ ಗಿರಣಿ

ಟ್ರೆಡ್‌ಮಿಲ್ ಅನ್ನೋ ಪದವನ್ನ ಒಮ್ಮೆ ಬಿಡಿಸಿ ನೋಡಿ. ಟ್ರೆಡ್ ಅಂದ್ರೆ ತುಳಿಯೋದು, ಮಿಲ್ ಅಂದ್ರೆ ಗಿರಣಿ. ಜಿಮ್ಮಲ್ಲಿ ಓಡೋಕೆ ಇಟ್ಟಿರೋ ಮಷೀನಿಗೆ ಗಿರಣಿ ಅಂತ ಯಾಕೆ ಹೆಸರು ಬಂತು? ಅಲ್ಲಿ ರಾಗಿಯನ್ನೂ ಬೀಸಲ್ಲ, ಭತ್ತವನ್ನೂ ಕುಟ್ಟಲ್ಲ. ಈ ಪ್ರಶ್ನೆ ಹಿಡಿದುಕೊಂಡು ಹೋದ್ರೆ ಸುಮಾರು ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಒಂದು ಜೈಲಿನ ಬಾಗಿಲಿಗೆ ಹೋಗಿ ನಿಲ್ತೀವಿ.

ವಿಲಿಯಂ ಕ್ಯೂಬಿಟ್ ಅಂತ ಒಬ್ಬ ಎಂಜಿನಿಯರ್ ಇದ್ದ. ಗಿರಣಿಯವನ ಮಗ. 1818ರ ಸುಮಾರಿಗೆ ಬರಿ ಸೇಂಟ್ ಎಡ್ಮಂಡ್ಸ್ ಅನ್ನೋ ಊರಿನ ಜೈಲಿಗೆ ಹೋದಾಗ ಕೈದಿಗಳು ಸುಮ್ಮನೆ ಕೂತಿದ್ದು ಕಣ್ಣಿಗೆ ಬಿತ್ತು, ಇವರಿಗೊಂದು ಕೆಲಸ ಹುಡುಕಿ ಕೊಡಪ್ಪ ಅಂತ ಅಲ್ಲಿನ ಮ್ಯಾಜಿಸ್ಟ್ರೇಟ್ ಕೇಳಿದ್ರು ಅಂತ ಒಂದು ಕತೆ ಇದೆ. ಕ್ಯೂಬಿಟ್ ತನಗೆ ಗೊತ್ತಿದ್ದ ವಿದ್ಯೆಯನ್ನೇ ತಂದ. ಉದ್ದನೆಯ ದೊಡ್ಡ ಉರುಳೆ, ಅದರ ಹೊರಮೈ ತುಂಬ ಮೆಟ್ಟಿಲು. ಕೈದಿಗಳು ಸಾಲಾಗಿ ನಿಂತು ಎದುರಿನ ಕಂಬಿ ಹಿಡ್ಕೋಬೇಕು, ಮೆಟ್ಟಿಲ ಮೇಲೆ ಕಾಲಿಡಬೇಕು. ಮೈಭಾರಕ್ಕೆ ಆ ಮೆಟ್ಟಿಲು ಕೆಳಗೆ ಇಳಿಯುತ್ತೆ, ಬೀಳಬಾರದು ಅಂದ್ರೆ ಮೇಲಿನದಕ್ಕೆ ಕಾಲಿಡಬೇಕು. ಅದೂ ಇಳಿಯುತ್ತೆ. ದಿನವಿಡೀ ಬೆಟ್ಟ ಹತ್ತಿದಷ್ಟು ಹತ್ತಿ, ಸಂಜೆ ಹೊತ್ತಿಗೆ ಹೊರಟ ಜಾಗದಲ್ಲೇ ಇರ್ತಾರೆ.

1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿಗೆ ಇಂಥದ್ದೇ ದೊಡ್ಡ ಚಕ್ರ ಬಂತು. ಅದು ಧಾನ್ಯ ಬೀಸ್ತಿತ್ತು, ಅದಕ್ಕೇ ಮಿಲ್. ಆಮೇಲೆ ಎಷ್ಟೋ ಜೈಲುಗಳಲ್ಲಿ ಚಕ್ರಕ್ಕೆ ಬೀಸುಕಲ್ಲನ್ನೇ ಜೋಡಿಸಲಿಲ್ಲ. ಕೈದಿಗಳು ತುಳೀತಿದ್ರು, ಚಕ್ರ ತಿರುಗ್ತಿತ್ತು, ಅಷ್ಟೆ. ಬೀಸ್ತಿದ್ದದ್ದು ಗಾಳಿಯನ್ನ. ಇದೇ ಕ್ಯೂಬಿಟ್ ಮುಂದೆ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟೋ ಕೆಲಸದ ಮೇಲ್ವಿಚಾರಣೆ ಮಾಡಿ ಸರ್ ಪದವಿ ತಗೊಂಡ. ರೆಸ್ಯೂಮೆಯಲ್ಲಿ ಯಾವುದನ್ನ ಮೇಲೆ ಹಾಕ್ತಿದ್ದನೋ ಗೊತ್ತಿಲ್ಲ.

ಚಕ್ರ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೂ ಹೋಯ್ತು. ಅಲ್ಲಿನ ಬೆಲ್‌ವ್ಯೂ ಜೈಲಿನಲ್ಲಿ ಕೆಲಸ ಮಾಡ್ತಿದ್ದ ಜೇಮ್ಸ್ ಹಾರ್ಡಿ 1824ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಕೈದಿಗಳು ಹೆದರ್ತಿದ್ದದ್ದು ಆ ಕೆಲಸದ ಭಾರಕ್ಕಲ್ಲ, ಒಂದೇ ಸಮನೆ, ಬದಲಾವಣೆ ಇಲ್ಲದೆ ನಡೆಯೋ ಅದರ ಏಕತಾನಕ್ಕೆ ಅಂತ ಅವನು ಗಮನಿಸಿದ್ದ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಂಗ್ಲೆಂಡಿನಲ್ಲಿ 1865ರ ಜೈಲು ಕಾನೂನು ಬಂದ ಮೇಲೆ ಇದು ಇನ್ನೂ ಬಿಗಿಯಾಯ್ತು. ಗಟ್ಟಿ ದುಡಿಮೆ, ಒರಟು ಊಟ, ಮಲಗೋಕೆ ಬರೀ ಹಲಗೆ, ಇದು ಆ ಕಾಲದ ನೀತಿ. 1895ರಲ್ಲಿ ಎರಡು ವರ್ಷದ ಕಠಿಣ ಸಜೆಯಾಗಿ ಪೆಂಟನ್‌ವಿಲ್ ಜೈಲಿಗೆ ಬಂದ ನಾಟಕಕಾರ ಆಸ್ಕರ್ ವೈಲ್ಡ್ ಕೂಡ ಶುರುವಿನಲ್ಲಿ ಈ ಚಕ್ರ ತುಳಿದವನೇ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಮಿತ ಆಹಾರ, ದಿನಕ್ಕೆ ಕೆಲವು ಗಂಟೆ ಕಾರ್ಡಿಯೋ, ಗಟ್ಟಿ ಹಾಸಿಗೆ, ಬೇಗ ಮಲಗಿ ಬೇಗ ಏಳೋದು, ಸಕ್ಕರೆ ಇಲ್ಲ, ಸ್ಕ್ರೀನ್ ಇಲ್ಲ. ಇವತ್ತು ಇದೇ ಪ್ಯಾಕೇಜನ್ನ ಕೂರ್ಗಿನ ಎಸ್ಟೇಟಲ್ಲಿಟ್ಟು ಮಾರಿದ್ರೆ ಮೂರು ರಾತ್ರಿಗೆ ಅರ್ಧ ತಿಂಗಳ ಸಂಬಳ ಕೊಟ್ಟು ಬರೋರಿದ್ದಾರೆ. ವೈಲ್ಡ್ ಮಾತ್ರ ಜೈಲಿಂದ ಆರೋಗ್ಯ ಕಳ್ಕೊಂಡು ಹೊರಬಂದ. 1900ರಲ್ಲಿ ತೀರಿಕೊಂಡಾಗ ವಯಸ್ಸು 46.

ಈ ಚಕ್ರದ ಸುತ್ತ ಓದಿದ್ದರಲ್ಲಿ ನಂಗೆ ಬಹಳ ಹಿಡಿಸಿದವನು ಎಡ್ವರ್ಡ್ ಸ್ಮಿತ್ ಅನ್ನೋ ಡಾಕ್ಟರ್. 1850ರ ದಶಕದಲ್ಲಿ ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಜೈಲಿಗೆ ಹೋಗಿ, ಮುಖಕ್ಕೆ ಉಸಿರು ಅಳೆಯೋ ಉಪಕರಣ ಕಟ್ಕೊಂಡು ತಾನೇ ಚಕ್ರ ಹತ್ತಿದ. ಎಷ್ಟು ಗಾಳಿ ಒಳಗೆ ಹೋಗುತ್ತೆ, ನಾಡಿ ಎಷ್ಟು ಏರುತ್ತೆ ಅಂತ ಲೆಕ್ಕ ಹಾಕಿದ. ಕಾನೂನಿನ ಪ್ರಕಾರ ಎಲ್ಲರಿಗೂ ಒಂದೇ ಶಿಕ್ಷೆ, ಆದ್ರೆ ಗಟ್ಟಿಮುಟ್ಟಾದವನಿಗೂ ಬಡಕಲು ಮೈಯವನಿಗೂ ಅದು ಒಂದೇ ಅಲ್ಲ, ಇಷ್ಟು ದುಡಿಸಿಕೊಂಡ ಮೇಲೆ ಅದಕ್ಕೆ ತಕ್ಕ ಊಟ ಕೊಡಬೇಕು ಅಂತ ವಾದ ಮಾಡಿದ. ನಮ್ಮ ಕೈಗಡಿಯಾರ ಇವತ್ತು ತೋರಿಸೋ ಅಂಕಿಗಳ ಅಜ್ಜ ಈ ಮನುಷ್ಯ. ಆ ಲೆಕ್ಕದ ಮೂಲ ಒಂದು ಜೈಲು.

ದುಡಿಮೆಗೆ ತಕ್ಕ ಊಟ ಎಷ್ಟು ಅನ್ನೋ ಈ ಜಗಳ ಇಪ್ಪತ್ತು ವರ್ಷದಲ್ಲಿ ನಮ್ಮ ಕಡೆಗೂ ಬಂತು. 1876ರಿಂದ 78ರವರೆಗಿನ ಬರ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರ ಅಂತಿದ್ರಲ್ಲ, ಅದು. ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯೋ, ಮಣ್ಣು ಹೊರೋ ಆಳಿಗೆ ದಿನಕ್ಕೆ ಒಂದು ಪೌಂಡ್, ಅಂದ್ರೆ 450 ಗ್ರಾಂ ಧಾನ್ಯ ಸಾಕು ಅಂತ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಇಳಿಸಿಬಿಟ್ಟ. ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್ ತಿರುಗಿಬಿದ್ದ. ಜೈಲಿನ ಕೈದಿಗೇ ಇದಕ್ಕಿಂತ ಜಾಸ್ತಿ ಕೊಡ್ತೀವಲ್ಲ ಅಂತ ಅವನ ವಾದ. ಬಳ್ಳಾರಿ ಆಗ ಅದೇ ಪ್ರಾಂತ್ಯದಲ್ಲಿತ್ತು, ಬರ ಅಲ್ಲಿ ಭೀಕರವಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ನಮ್ಮ ಆಫೀಸಿನಲ್ಲಿ ಹದಿನಾರು ಗಂಟೆ ಉಪವಾಸ ಮಾಡೋ ಗೆಳೆಯರು, ಹಿಂದಿನವರು ಹೊಟ್ಟೆ ಖಾಲಿ ಇಟ್ಕೊಂಡೇ ಗಟ್ಟಿಯಾಗಿದ್ರು ಕಣೋ ಅಂದಾಗೆಲ್ಲ ನಂಗೆ ಈ ಎರಡು ಗಣತಿಯ ಅಂಕಿ ನೆನಪಾಗುತ್ತೆ. ಹದಿನೇಳನೇ ಗಂಟೆಗೆ ಊಟ ಇದೆ ಅಂತ ಗೊತ್ತಿರೋ ಹೊಟ್ಟೆಯೇ ಬೇರೆ.

1898ರ ಕಾನೂನಿನೊಂದಿಗೆ ಇಂಗ್ಲೆಂಡಿನ ಜೈಲುಗಳಿಂದ ಚಕ್ರ ಮರೆಯಾಗೋಕೆ ಶುರುವಾಯ್ತು. ಅದು ವೇಷ ಬದಲಿಸಿ ವಾಪಸ್ ಬಂದ ಕತೆಗೆ ಐವತ್ತು ವರ್ಷ ದಾಟಿ ಹೋಗಬೇಕು, ಲಂಡನ್ನಿಗೇ. ಈ ಸಲ ಜೈಲಿಗಲ್ಲ, ಬಸ್ಸಿಗೆ.

ಜೆರ್ರಿ ಮಾರಿಸ್ ಅಂತ ಡಾಕ್ಟರ್. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಡಾಕ್ಟರಾಗಿ ಭಾರತ, ಬರ್ಮಾದಲ್ಲಿ ಇದ್ದು ಹೋದವರು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತ ಏರ್ತಾನೇ ಇತ್ತು, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬೇರೆ ಬೇರೆ ಕೆಲಸದವರನ್ನ ಹೋಲಿಸಿ ನೋಡೋಣ ಅಂತ ಮಾರಿಸ್ ತಂಡ ಹೊರಟಿತು. ಅವರಿಗೆ ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು. ಬೆಂಗಳೂರಲ್ಲೂ ಒಂದು ಕಾಲಕ್ಕೆ ಓಡ್ತಿದ್ದವಲ್ಲ, ಅಂಥವು. ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ಸಂಬಳ, ಒಂದೇ ಬಗೆಯ ಮನೆ. ಒಬ್ಬ ಡ್ರೈವರ್, ಪಾಳಿಯ ನೂರಕ್ಕೆ ತೊಂಬತ್ತು ಭಾಗ ಕೂತೇ ಇರೋನು. ಇನ್ನೊಬ್ಬ ಕಂಡಕ್ಟರ್, ಟಿಕೆಟ್ ಕೊಡೋಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತೋನು. ನಮ್ಮಂಥ ಟೆಸ್ಟಿಂಗ್ ಮಾಡೋರ ಕಣ್ಣಲ್ಲಿ ನೀರು ಬರೋ ಹಂಗಿದೆ. ಒಂದು ವೇರಿಯಬಲ್ ಬಿಟ್ಟು ಉಳಿದದ್ದೆಲ್ಲ ಸರಿಸುಮಾರು ಸಮ.

ಲಂಡನ್ ಟ್ರಾನ್ಸ್‌ಪೋರ್ಟಿನ 31,000 ಗಂಡಸರ ದಾಖಲೆ ನೋಡಿದ್ರು. ವರ್ಷಕ್ಕೆ ಸಾವಿರಕ್ಕೆ 2.7 ಡ್ರೈವರುಗಳಿಗೆ ಹೃದಯದ ಕಾಯಿಲೆ ಕಾಣಿಸಿಕೊಂಡ್ರೆ, ಕಂಡಕ್ಟರುಗಳಲ್ಲಿ 1.9. ಕಾಯಿಲೆ ಬಂದವರಲ್ಲೂ ತಟ್ಟನೆ ಸಾಯೋದು ಡ್ರೈವರುಗಳಲ್ಲೇ ಜಾಸ್ತಿ. ಮಾರಿಸ್ ಕೂಡಲೇ ಪತ್ರಿಕೆಗೆ ಓಡಲಿಲ್ಲ. ಅಂಚೆ ಇಲಾಖೆಗೆ ಹೋಗಿ ಕಾಗದ ಹಂಚೋ ಪೋಸ್ಟ್‌ಮ್ಯಾನ್‌ಗಳನ್ನ ಕುರ್ಚಿಯಲ್ಲಿ ಕೂತ ಗುಮಾಸ್ತರ ಜೊತೆ ಹೋಲಿಸಿದ್ರು. ಅಲ್ಲೂ ಅದೇ ಕತೆ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯ್ತು. ಕೂತು ಮಾಡೋ ಕೆಲಸ ಹೃದಯಕ್ಕೆ ಒಳ್ಳೇದಲ್ಲ ಅಂತ ನಾವು ಇವತ್ತು ಸಲೀಸಾಗಿ ಹೇಳೋ ಮಾತಿಗೆ ಲೆಕ್ಕದ ತಳಪಾಯ ಹಾಕಿದ್ದು ಇದು.

ಆಮೇಲೆ ಒಂದು ಸಣ್ಣ ಘಟನೆ ನಡೀತು, ನಂಗೆ ಮಾರಿಸ್ ಮೇಲೆ ಗೌರವ ಬಂದದ್ದು ಅಲ್ಲಿ. ಬಸ್ಸಿನವರಿಗೆ ಕಂಪನಿಯೇ ಯೂನಿಫಾರಂ ಹೊಲಿಸಿ ಕೊಡ್ತಿತ್ತು, ಯಾರ ಪ್ಯಾಂಟಿನ ಸೊಂಟ ಎಷ್ಟು ಅಂತ ರಿಜಿಸ್ಟರಲ್ಲಿ ಬರೆದಿರ್ತಿತ್ತು. ಅದನ್ನ ತೆಗೆದು ನೋಡಿದ್ರೆ ಡ್ರೈವರುಗಳ ಸೊಂಟ ಎಲ್ಲ ವಯಸ್ಸಲ್ಲೂ ಕಂಡಕ್ಟರುಗಳದ್ದಕ್ಕಿಂತ ದಪ್ಪ. ವಯಸ್ಸಾದವರಲ್ಲಿ ಮಾತ್ರ ಅಲ್ಲ, ಚಿಕ್ಕ ವಯಸ್ಸಿನವರಲ್ಲೂ. ಅಂದ್ರೆ ಮೆಟ್ಟಿಲು ಕಂಡಕ್ಟರನ್ನ ಕಾಪಾಡ್ತೋ, ಇಲ್ಲ ಮೊದಲೇ ತೆಳ್ಳಗಿದ್ದೋನು ಕಂಡಕ್ಟರ್ ಆಗೋಕೆ ಹೋದನೋ? ತಮ್ಮ ವಾದಕ್ಕೇ ಕುತ್ತು ತರೋ ಈ ಅಂಕಿಯನ್ನ ಮಾರಿಸ್ ತಂಡ 1956ರಲ್ಲಿ ತಾವೇ ಪ್ರಕಟಿಸಿತು. ಮುಂದೆ ಇನ್ನಷ್ಟು ಕೆದಕಿ ನೋಡಿದಾಗ, ತೆಳ್ಳಗಿದ್ರೂ ದಪ್ಪಗಿದ್ರೂ ಡ್ರೈವರುಗಳಿಗೇ ಅಪಾಯ ಜಾಸ್ತಿ ಅನ್ನೋದು ಉಳಿದುಕೊಂಡಿತು.

ಆದ್ರೂ ಸಂಶಯ ಪೂರ್ತಿ ಹೋಗಿರಲಿಲ್ಲ. ಹಾಗಾಗಿ 1968ರಿಂದ ಮಾರಿಸ್ ಎಲ್ಲರೂ ಕೂತೇ ಕೆಲಸ ಮಾಡೋ ಜಾಗ ಹಿಡಿದ್ರು, ಸರ್ಕಾರಿ ಕಚೇರಿ. 40 ದಾಟಿದ ಸುಮಾರು 17,000 ಅಧಿಕಾರಿಗಳಿಗೆ, ಹೋದ ಶುಕ್ರವಾರ ಮತ್ತೆ ಶನಿವಾರ ಏನೇನು ಮಾಡಿದ್ರಿ, ನಿಮಿಷ ನಿಮಿಷದ ಲೆಕ್ಕ ಬರೀರಿ ಅಂತ ಕೇಳಿದ್ರು. ಟೈಮ್‌ಶೀಟ್ ತುಂಬೋದು ಸರ್ಕಾರಿ ನೌಕರರಿಗೆ ಹೊಸದಲ್ಲ, ಪಾಪ ತುಂಬಿ ಕೊಟ್ರು. ಬಿಡುವಿನಲ್ಲಿ ಏದುಸಿರು ಬರೋ ಹಾಗೆ ಈಜೋರು, ಆಡೋರು, ಸೈಕಲ್ ತುಳಿಯೋರು, ತೋಟದಲ್ಲಿ ಬೆವರು ಸುರಿಸೋರು, ಇವರಿಗೆ ಹೃದಯಾಘಾತ ಉಳಿದವರ ಮೂರನೇ ಒಂದು ಭಾಗದಷ್ಟೇ. 1990ರಲ್ಲಿ ಬಂದ ಇನ್ನೊಂದು ವರದಿ ನಮ್ಮಂಥವರಿಗೆ ನೇರವಾಗಿ ತಟ್ಟುತ್ತೆ: ವಯಸ್ಸಿನಲ್ಲಿ ಚೆನ್ನಾಗಿ ಆಡಿ ಆಮೇಲೆ ಬಿಟ್ಟವರಿಗೆ ಹಳೇ ಆಟದಿಂದ ಯಾವ ರಕ್ಷಣೆಯೂ ಇರಲಿಲ್ಲ. ಪಿಯುಸಿಯಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ ಆಡಿದ್ದೆ ಅನ್ನೋ ಸರ್ಟಿಫಿಕೇಟು ಹೃದಯಕ್ಕೆ ಲೆಕ್ಕಕ್ಕಿಲ್ಲ.

ಹೊತ್ತು ಬಂದಿತ್ತು. 1968ರಲ್ಲಿ ಅಮೆರಿಕದ ಡಾಕ್ಟರ್ ಕೆನೆತ್ ಕೂಪರ್ ಏರೋಬಿಕ್ಸ್ ಅನ್ನೋ ಪುಸ್ತಕ ಬರೆದ್ರು. ಅದನ್ನ ಓದಿದ ವಿಲಿಯಂ ಸ್ಟಾಬ್ ಅನ್ನೋ ಮೆಕ್ಯಾನಿಕಲ್ ಎಂಜಿನಿಯರ್, ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗೋ ಟ್ರೆಡ್‌ಮಿಲ್ ಇಲ್ಲವಲ್ಲ ಅಂತ ತಾನೇ ಒಂದು ಮಾಡಿದ. ಆಸ್ಪತ್ರೆಗಳಲ್ಲಿ ಹೃದಯ ಪರೀಕ್ಷೆಗೆ, ನಾವು ಟಿಎಂಟಿ ಅಂತೀವಲ್ಲ, ಅದಕ್ಕೆ ಆ ಹೊತ್ತಿಗಾಗಲೇ ಮಷೀನು ಬಂದಿತ್ತು. ಸ್ಟಾಬ್ ಅದನ್ನ ಮನೆಗೆ ತಂದ. 2012ರಲ್ಲಿ 96ನೇ ವಯಸ್ಸಲ್ಲಿ ತೀರಿಕೊಂಡ. ಒಬ್ಬ ಎಂಜಿನಿಯರ್ ಶಿಕ್ಷೆಗೆ ಅಂತ ಕಟ್ಟಿದ್ದನ್ನ ಇನ್ನೊಬ್ಬ ಎಂಜಿನಿಯರ್ ನೂರೈವತ್ತು ವರ್ಷ ಆದ ಮೇಲೆ ಔಷಧಿ ಅಂತ ಮಾರಿದ. ವ್ಯತ್ಯಾಸ ಅಂದ್ರೆ ಸ್ಟಾಬನ ಮಷೀನಿಗೆ ನಿಲ್ಲಿಸೋ ಬಟನ್ ಇತ್ತು, ಅದು ತುಳಿಯೋನ ಕೈಗೆ ಎಟುಕ್ತಿತ್ತು.

ನಾನು ಹೇಳಬೇಕು ಅಂತಿರೋದು ಈ ಬಟನ್ ಬಗ್ಗೆ. ಊರು ಬಿಟ್ಟು ಬಂದ ನಮ್ಮಲ್ಲಿ ಒಂದು ಮಾತು ಬಹಳ ಓಡಾಡ್ತಿದೆ. ಏಸಿ, ಲಿಫ್ಟು, ಸ್ವಿಗ್ಗಿ ನಮ್ಮನ್ನ ಹಾಳು ಮಾಡಿತು, ನಮ್ಮ ತಾತ ಗದ್ದೆಯಲ್ಲಿ ದುಡಿದು ತೊಂಬತ್ತು ವರ್ಷ ಬದುಕಿದ, ಕಷ್ಟವೇ ಆರೋಗ್ಯ ಅಂತ. ಮೊದಲರ್ಧ ನಿಜ, ಮಾರಿಸ್ ತೋರಿಸಿಕೊಟ್ಟಿದ್ದಾರೆ. ಎರಡನೇ ಅರ್ಧ ಹೇಳುವಾಗ ಮಾತ್ರ ನಾವು ತೊಂಬತ್ತು ದಾಟಿದ ತಾತನನ್ನೇ ಲೆಕ್ಕಕ್ಕೆ ತಗೋತೀವಿ. ಐವತ್ತಕ್ಕೇ ಸೊಂಟ ಬಿದ್ದ ದೊಡ್ಡಪ್ಪ, ಮಂಡಿ ಊದಿಸ್ಕೊಂಡು ಕುಂಟೋ ಅತ್ತೆ ಆ ಕತೆಯಲ್ಲಿ ಬರಲ್ಲ.

ಡೆನ್ಮಾರ್ಕಿನಲ್ಲಿ ಇದನ್ನ ಎಣಿಸಿ ನೋಡಿದ್ದಾರೆ. ಆಂಡ್ರಿಯಾಸ್ ಹೋಲ್ಟರ್‌ಮನ್ ತಂಡ 2021ರಲ್ಲಿ ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಕೊಟ್ಟಿತು. ಬಿಡುವಿನಲ್ಲಿ ಚೆನ್ನಾಗಿ ಮೈ ದಂಡಿಸೋರಿಗೆ ಸಾವಿನ ಅಪಾಯ ಸುಮಾರು 40 ಪರ್ಸೆಂಟ್ ಕಡಿಮೆ. ಹೊಟ್ಟೆಪಾಡಿನ ಕೆಲಸದಲ್ಲಿ ಬಹಳ ಮೈ ದಂಡಿಸೋರಿಗೆ 27 ಪರ್ಸೆಂಟ್ ಜಾಸ್ತಿ. ಬೀಡಿ ಸಿಗರೇಟು, ಓದು, ಆದಾಯ ಇವನ್ನೆಲ್ಲ ಸರಿದೂಗಿಸಿದ ಮೇಲೂ ಹೀಗೆ. ಅದೇ ವರ್ಷ ನಾರ್ವೆಯ ಇನ್ನೂ ದೊಡ್ಡ ಅಧ್ಯಯನವೊಂದು ಗಂಡಸರ ವಿಷಯದಲ್ಲಿ ಇದನ್ನ ಒಪ್ಪಲಿಲ್ಲ, ಹಾಗಾಗಿ ಜಗಳ ಇನ್ನೂ ನಡೀತಿದೆ. ನಂಗೆ ಮುಖ್ಯ ಅನ್ನಿಸಿದ್ದು ಹೋಲ್ಟರ್‌ಮನ್ ಕೊಡೋ ಕಾರಣ. ಓಟಗಾರ ಮುಕ್ಕಾಲು ಗಂಟೆ ಓಡ್ತಾನೆ, ಎದೆ ಬಡಿತ ಜೋರಾಗುತ್ತೆ, ಆಮೇಲೆ ಮನೆಗೆ ಹೋಗಿ ಕಾಲು ಚಾಚ್ತಾನೆ. ಮೂಟೆ ಹೊರೋನು ಎಂಟು ಗಂಟೆ ಹೊರ್ತಾನೆ, ರಕ್ತದೊತ್ತಡ ದಿನವಿಡೀ ಏರಿಯೇ ಇರುತ್ತೆ, ಸುಸ್ತಾದಾಗ ನಿಲ್ಲೋ ಹಾಗಿಲ್ಲ, ನಾಳೆ ಮತ್ತೆ ಅದೇ. ನ್ಯೂಯಾರ್ಕಿನ ಹಾರ್ಡಿ ಚಕ್ರದ ಪಕ್ಕ ನಿಂತು ಗಮನಿಸಿದ್ದೂ ಹೆಚ್ಚುಕಡಿಮೆ ಇದನ್ನೇ.

ಲಂಡನ್ ಕಂಡಕ್ಟರ್ ಸಂಬಳಕ್ಕೇ ಹತ್ತುತಿದ್ದನಲ್ಲ, ಅವನಿಗೆ ಹೇಗೆ ಒಳ್ಳೇದಾಯ್ತು ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಅವನ ಮೆಟ್ಟಿಲು ದಿನಕ್ಕೆ ಏಳುನೂರೈವತ್ತರ ಒಳಗೆ, ಅದೂ ತುಂಡುತುಂಡಾಗಿ. ಮಧ್ಯೆ ಕಂಬಕ್ಕೊರಗಿ ನಿಲ್ಲಬಹುದು, ಪ್ರಯಾಣಿಕರ ಜೊತೆ ಹರಟಬಹುದು. ಹೊಟ್ಟೆ ತುಂಬ ಊಟ ಇತ್ತು, ವಾರದ ರಜೆ ಇತ್ತು, ಬೆನ್ನಿಗೆ ಯೂನಿಯನ್ ಇತ್ತು. ಕಷ್ಟಕ್ಕೆ ಹದ ಅಂತ ಒಂದಿದ್ರೆ ಅದು ಅವನಿಗೆ ಸಿಕ್ಕಿತ್ತು.

ನಮ್ಮ ಮನೆಯಲ್ಲಿ ಇದು ಬರೀ ಓದಿನ ವಿಷಯ ಅಲ್ಲ. ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ ಅಪ್ಪನಿಗೆ 69, ಬಿಪಿ ಇದೆ. ಒಂದೂಮುಕ್ಕಾಲು ಎಕರೆ, ಕಬ್ಬು, ಭತ್ತ. ಅಪ್ಪ ಹೊಲ ಬಿಡಬೇಕು ಅಂತ ಅಕ್ಕ, ಬಿಟ್ರೆ ಹಾಸಿಗೆ ಹಿಡೀತಾರೆ ಅಂತ ಭಾವ. ಓಡಾಡ್ಕೊಂಡಿರ್ಲಿ ಒಳ್ಳೇದು ಅಂತ ತಾಲ್ಲೂಕಿನ ಡಾಕ್ಟರು. ಅವ್ವನಿಗೆ ಅದೇ ಡಾಕ್ಟರು ದಿನಾ ಅರ್ಧ ಗಂಟೆ ವಾಕಿಂಗ್ ಮಾಡಮ್ಮ ಅಂದಾಗ ಅವಳು ಅಲ್ಲಿ ತಲೆಯಾಡಿಸಿ ಬಂದು ಮನೆಯಲ್ಲಿ ನಕ್ಕಳು. "ನಲವತ್ತು ವರ್ಸ ಬಗ್ಗಿ ನಾಟಿ ಹಾಕಿವ್ನಿ ಕಣ್ ಮಗ, ಈಗ ಟಾರ್ ರೋಡಲ್ಲಿ ಕೈ ಬೀಸ್ಕೊಂಡು ಹೋದ್ರೆ ಜನ ಏನಂದಾರು." ಅವಳ ಮಂಡಿ ಎರಡೂ ಹೋಗಿವೆ. ವ್ಯಾಯಾಮ ಕಡಿಮೆಯಾಗಿ ಹೋದ ಮಂಡಿಗಳಲ್ಲ ಅವು.

ಅಪ್ಪನ ದಿನವನ್ನ ಕೂತು ಬಿಡಿಸಿ ನೋಡಿದಾಗ ನಂಗೆ ಕಂಡದ್ದು ಬೇರೆ. ಬೆಳಿಗ್ಗೆ ಬದುವಿನ ಮೇಲೆ ಓಡಾಡೋದು, ಹಸುವಿಗೆ ಹುಲ್ಲು ಕೊಯ್ಯೋದು, ಇವು ಅವರಿಗೆ ಭಾರ ಅಲ್ಲ, ಖುಷಿ. ಕೊಲ್ಲೋದು ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದ್ರೆ ಎದ್ದು ಹೋಗೋದು, ಕಬ್ಬಿಗೆ ಕಟಾವಿನ ಸರದಿ ಬರದೆ ತಿಂಗಳುಗಟ್ಟಲೆ ಕಾಯೋದು, ಆಳು ಸಿಗದ ದಿನ ಜ್ವರ ಇದ್ರೂ ತಾವೇ ಇಳಿಯೋದು. ದುಡಿಮೆಯ ಪ್ರಮಾಣದ ಬಗ್ಗೆ ಅಕ್ಕ ಭಾವ ಇಬ್ಬರೂ ಜಗಳ ಆಡ್ತಿದ್ರು. ಯಾವ ದುಡಿಮೆಯನ್ನ ಅವರು ಅರ್ಧಕ್ಕೆ ಬಿಟ್ಟು ಮನೆಗೆ ಬರಬಹುದು, ಯಾವುದನ್ನ ಬಿಡೋ ಹಾಗಿಲ್ಲ ಅಂತ ಎರಡು ಪಟ್ಟಿ ಮಾಡಿ ಅಂದೆ. ಅಪ್ಪನೇ ಹೇಳ್ತಾ ಹೋದ್ರು, ಭಾವ ಬರ್ಕೊಂಡ್ರು.

ಯುಗಾದಿ ಆದ ಮೇಲೆ ಕಬ್ಬಿನ ಜಮೀನನ್ನ ದಾಯಾದಿಯೊಬ್ಬರಿಗೆ ಗುತ್ತಿಗೆಗೆ ಕೊಟ್ಟಾಯ್ತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಅವ್ವನಿಗೆ ಕೂತು ಕೆಲಸ ಮಾಡೋ ಎತ್ತರಕ್ಕೆ ಒಲೆಕಟ್ಟೆ ಒಡೆಸಿ ಕಟ್ಟಿಸಿದ್ವಿ, ಗ್ರೈಂಡರ್ ಬಂತು, ಅದರ ಮೇಲೆ ಅವಳದ್ದೇನೂ ತಕರಾರಿಲ್ಲ. ಮನೆ ಹಿಂದಿನ ಹತ್ತು ಗುಂಟೆ, ಒಂದು ಹಸು ಅಪ್ಪನ ಪಾಲಿಗೆ ಉಳಿದಿವೆ. ಅವರೆ, ಬದನೆ, ಸೊಪ್ಪು ಹಾಕಿದ್ದಾರೆ. ಬೆಳಿಗ್ಗೆ ಏಳಕ್ಕೆ ಗುದ್ದಲಿ ಹಿಡಿದು ಹೋಗ್ತಾರೆ, ಬಿಸಿಲೇರಿದ್ರೆ ತೆಂಗಿನ ಬುಡದಲ್ಲಿ ಕೂತುಬಿಡ್ತಾರೆ. ಮೈ ಭಾರ ಅನ್ನಿಸಿದ ದಿನ ಹೋಗೋದೇ ಇಲ್ಲ. ಅಂಥ ದಿನ ಇಲ್ಲಿಯವರೆಗೆ ಆರು ಬಂದಿವೆ, ಅಕ್ಕ ಕ್ಯಾಲೆಂಡರಲ್ಲಿ ಗುರುತು ಹಾಕಿದ್ದಾಳೆ.